ಅರ್ಧ ಸೀಸಿ

ಉಪ್ಪಳ್ಳಿಯ ಶೆಡ್ಡಿನಲ್ಲಿ ರಾತ್ರಿ ಹನ್ನೊಂದು.
ಬೆಂಚಿನ ಮೇಲೆ ಅಂಗಾತ ಬಿದ್ದ ಸಿಲಿಂಡರ್ ಹೆಡ್ಡು,
ನಾಲ್ಕು ಬಾಯಿ ತೆರೆದು.

ಇದಿನಬ್ಬ ಗಾಜು ಮುಚ್ಚಿ
ದನದ ಡಾಕ್ಟರ ಸಿರಿಂಜಿನಲ್ಲಿ
ಸೀಮೆಎಣ್ಣೆ ಬಿಡುತ್ತಾರೆ ಹನಿಹನಿ,
ತಬ್ಬಲಿ ಕರುವಿಗೆ ಹಾಲೂಡಿಸಿದ ಹಾಗೆ.

ಒಂದನೆಯದು ನಲವತ್ತೊಂದು. ಎರಡನೆಯದೂ ಅಷ್ಟೇ.
ಮೂರನೆಯದಕ್ಕೆ ಇನ್ನೂ ಬಾಯಾರಿಕೆ:
ಅರ್ಧ ಸೀಸಿ.

ಮಧ್ಯಾಹ್ನ ಗ್ರೈಂಡರ್ ಹಿಡಿದವನು ನಾನು.
ಕಾಫಿ ಬಂತೆಂದು ತಿರುಗಿದ್ದೆ, ಅಷ್ಟೆ.

ಬೈಗುಳಕ್ಕೆ ಕಾದೆ.
ಅವರು ಆ ಗುಳಿಯನ್ನು ಹೆಬ್ಬೆರಳಲ್ಲಿ ಸವರಿದರು.
"ತೆಗೆದದ್ದನ್ನು ಮತ್ತೆ ಮೆತ್ತೋಕೆ ಇದೇನು ಜೇಡಿಮಣ್ಣಾ?
ಉಳಿದ ಮೂರನ್ನೂ
ನಿನ್ನ ತಪ್ಪಿನಷ್ಟೇ ಉಜ್ಜು."

ಭಾನುವಾರ ಕೈಮರದ ಏರಿನಲ್ಲಿ
ಕೆಂಪು ಕಾರು ಒಂದೇ ಉಸಿರಲ್ಲಿ ಕೂಗಿ ಹೋಯಿತು.
ಅದರಲ್ಲಿ ಮೂರನೆಯದು ಯಾವುದೆಂದು
ಕಿವಿಗೊಟ್ಟೆ.
ಸಿಕ್ಕಲಿಲ್ಲ.