ಮುಷ್ಟಿಜೋಳದ ಡಬ್ಬಿ

ಗುಳೇದಗುಡ್ಡದಲ್ಲಿ ಶನಿವಾರ ಮಧ್ಯಾಹ್ನ
ಮಗ್ಗಗಳು ಅರ್ಧ ದನಿಗೆ ಇಳಿದಾಗ
ತಬಿತಕ್ಕ ಡಬ್ಬಿ ಹಿಡಿದು ಹೊರಡುತ್ತಿದ್ದಳು,
ಮನೆಗೊಂದು ಮುಷ್ಟಿ ಜೋಳ.
ಹಿಂದೆ ನಾನು, ಸಭೆಯ ಲೆಕ್ಕದ ವಹಿ, ಮೋಟು ಪೆನ್ಸಿಲ್.

ಅದೇ ಪೆನ್ಸಿಲ್ಲಿನಿಂದ ಅಪ್ಪನ ದೊಡ್ಡ ಪುಸ್ತಕದ ಅಂಚಿಗೆ
ಪ್ರಶ್ನೆಯ ಕೊಕ್ಕೆ ಹಾಕುತ್ತಿದ್ದೆ ಆ ವರ್ಷ.
ನಾಳೆಗೆ ಇಟ್ಟರೆ ಹುಳ ಬೀಳುತ್ತದೆ,
ಮರಳುಗಾಡಿನವರಿಗೆ ಹಾಗಂದವನೇ
ಐಗುಪ್ತದಲ್ಲಿ ಏಳು ವರ್ಷದ ಕಾಳು
ಹಗೇವು ತುಂಬಿಸಿದ, ಯೋಸೇಫನ ಕೈಯಿಂದ.
ಹಕ್ಕಿ ನೋಡು, ಕಣಜವಿಲ್ಲ, ಅನ್ನುತ್ತದೆ ಒಂದು ಹಾಳೆ.
ಇರುವೆ ನೋಡು, ಸುಗ್ಗಿಯಲ್ಲೇ ಹೊರುತ್ತದೆ, ಅನ್ನುತ್ತದೆ ಇನ್ನೊಂದು.
ಚೀಲ ಬೇಡ, ಹಾಗೇ ನಡೀರಿ ಅಂದ ಬಾಯಿ
ಕಡೆಯ ರಾತ್ರಿ, ಊಟವಾದ ಮೇಲೆ,
ಇದ್ದರೆ ತಗೊಂಡು ಹೋಗಿ ಅಂದಿತು.

"ಯಾವುದು ಖರೆ, ಅಕ್ಕ?"
ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಡಬ್ಬಿಯ ಬಗಲು ಬದಲಿಸಿ
"ಯಾರಿಗಿ ಹೇಳಿದ್ದು, ಅದನ್ನ ಮೊದಲ ನೋಡು" ಅಂದಳು.
"ಇರುವಿ ಮಾತು ಮಲಗಿದವಗ.
ಹಕ್ಕಿ ಮಾತು ನಿದ್ದಿ ಬರದವಗ.
ಅದಲಬದಲ ಓದಿದಿ ಅಂದ್ರ ಬೈಗಳಾಗ್ತಾವ."

ಒಪ್ಪಿದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ
ನೀರಿನ ಟಾಕಿಯ ಮಗ್ಗುಲಿಗೆ ಸುವಾರ್ತಪ್ಪ ಮಾಮಾ ಕೂತಿದ್ದ.
ನಲವತ್ತು ವರ್ಷ ಖಣ ನೇಯ್ದವ,
ಸಾಹುಕಾರನ ರೇಷ್ಮೆಯಲ್ಲಿ ಒಂದು ಎಳೆ ಕದಿಯದವ,
ಭಾನುವಾರ ಗುಡಿಯ ಮೊದಲ ಗಂಟೆ ಹೊಡೆಯುವವ.
ಕಣ್ಣಿಗೆ ಪೊರೆ ಬಂದ ಮೇಲೆ, ಹೀಗೆ, ಅಂಗೈ ಚಾಚಿ.
ನನ್ನ ದನಿ ಗುರುತು ಹಿಡಿದು
ಕೈ ಮಡಚಿಕೊಂಡ.

ಮನೆಗೆ ಬಂದು ದಾವೀದನ ಹಾಳೆ ತೆಗೆದೆ.
ನೇರ ನಡೆದವನ ಮನೆಯವರು ಕೈಯೊಡ್ಡಿದ್ದು
ಮುಪ್ಪಿನವರೆಗೂ ಕಾಣಲಿಲ್ಲ ಅನ್ನುತ್ತಾನಲ್ಲ, ಅದನ್ನು.
ಕೊಕ್ಕೆ ಸಾಲಲಿಲ್ಲ. ಒತ್ತಿದ್ದಕ್ಕೆ ಹಾಳೆ ತೂತಾಯಿತು.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.
"ಅರಸು ಮಾಳಿಗಿ ಮ್ಯಾಲ ಇರ್ತಾನ" ಅಂದಳು ತಬಿತಕ್ಕ,
"ಕಂಡಿರಲಿಕ್ಕಿಲ್ಲ."
ಬಹಳ ಹೊತ್ತಿನ ಮೇಲೆ:
"ಎಲೀಯಗ ಕಾಗಿ ರೊಟ್ಟಿ ತಂದಿತ್ತು, ಖರೆ.
ಹಳ್ಳ ಬತ್ತಿದ ಮ್ಯಾಲ ಯಾರ ಮನಿಗಿ ಕಳಿಸಿದ?
ಹಿಡಿ ಹಿಟ್ಟು ಉಳಿದ, ಗಂಡ ಸತ್ತಾಕಿ ಮನಿಗಿ.
ಸಾಹುಕಾರ್ರು ಇರಲಿಲ್ಲೇನು ಆ ಊರಾಗ?"

ಅದು ಉತ್ತರವೋ, ದೂರೋ,
ಇವತ್ತಿಗೂ ನನಗೆ ತಿಳಿಯದು.

ಆ ವಾರದ ಡಬ್ಬಿ ಎಲ್ಲಿಗೆ ಹೋಯಿತೆಂದು
ವಹಿಯಲ್ಲಿ ಬರೆಯಬೇಡ ಅಂದಳು. ಬರೆಯಲಿಲ್ಲ.
ಮರುವಾರ ಟಾಕಿಯ ಮಗ್ಗುಲು ಖಾಲಿ ಇತ್ತು.
ಅದರ ಮರುವಾರ ಮಾಮಾ ಮತ್ತೆ ಅಲ್ಲೇ.

ಈಗ ಡಬ್ಬಿ ನನ್ನ ಹತ್ತಿರ.
ಕೊಡುವ ಮನೆ ಹನ್ನೊಂದು, ತಗೊಳ್ಳುವ ಮನೆ ಒಂಬತ್ತು,
ನಾಲ್ಕು ಮನೆ ಎರಡೂ ಪಟ್ಟಿಯಲ್ಲಿ.
ಜ್ವರ ಬಂದು ಎರಡು ಶನಿವಾರ ತಪ್ಪಿದ್ದಕ್ಕೆ
ಜೋಳಕ್ಕೆ ನುಸಿ ಹತ್ತಿತು.
ಮೊರಕ್ಕೆ ಸುರಿದು ಅಂಗಳದಲ್ಲಿ ಕೇರಿದೆ,
ಹುಳ ಪರಸಿಗಲ್ಲಿನ ಮೇಲೆ ಉದುರಿದವು.
ಮಗ್ಗದ ಮನೆಯ ತೊಲೆಯಿಂದ ಗುಬ್ಬಿ ಇಳಿದು ಬಂದವು,
ಬಿತ್ತದ, ಕೊಯ್ಯದ ಗುಬ್ಬಿ,
ನಾನು ಕೂಡಿಟ್ಟ ತಪ್ಪನ್ನು
ಒಂದೂ ಬಿಡದೆ ಹೆಕ್ಕಿದವು.

ಅರ್ಧ ಡಬ್ಬಿ ಕಾಳು ಉಳಿಯಿತು.
ಪೆನ್ಸಿಲ್ ಹುಡುಕಿದೆ, ಸಿಗಲಿಲ್ಲ.
ಹೊರಟೆ.