ಹಾಲಿನ ಮಟ್ಟ

ಫ್ಯಾಲೋಫೀಲ್ಡಿನ ಈ ಕೆಂಪಿಟ್ಟಿಗೆ ಮನೆಯಲ್ಲಿ
ನನ್ನ ಕೆಲಸ ಇಷ್ಟೇ:
ಏನೂ ಬದಲಾಗದಂತೆ ನೋಡಿಕೊಳ್ಳುವುದು.
ಬಾಟಲಿಯ ಹಾಲು ಕತ್ತಿನಿಂದ ಎರಡು ಬೆರಳು ಕೆಳಗೆ,
ಸುಟ್ಟ ಟೋಸ್ಟಿಗೆ ಮೂರು ಕಚ್ಚು,
ಜೆಮೈಮಾಳ ಕಣ್ಣೀರು ಎಡಗೆನ್ನೆಯಲ್ಲಿ, ಬಲದಲ್ಲಲ್ಲ.
ಏಳನೇ ಟೇಕು. ಮತ್ತೆ ಹಾಲು ಸುರಿ, ಬೆರಳಿಟ್ಟು ಅಳೆ,
ಹೊಸ ಟೋಸ್ಟು ಸುಡು, ಕಚ್ಚಿದಂತೆ ಕತ್ತರಿಸು.

ಕಾಲೇಜಿಗೆ ಈಗಷ್ಟೇ ಬಂದವರ ಹಾಸ್ಯ ಧಾರಾವಾಹಿ.
ಆರು ಕಂತು ಕಳೆದರೂ ಯಾರಿಗೂ ಡಿಸೆಂಬರ್ ಬಂದಿಲ್ಲ.
ಹದಿನೆಂಟರ ಜೆಮೈಮಾಗೆ ಇಪ್ಪತ್ತೊಂಬತ್ತು;
ಮಗಳು ಲಂಡನ್ನಿನಲ್ಲಿ ಶಿಶುವಿಹಾರಕ್ಕೆ ಹೋಗುತ್ತಾಳೆ.
ಗೋಡೆಗೆ ಕಲಾ ವಿಭಾಗದವರು ಬೂಷ್ಟು ಬರೆದಿದ್ದಾರೆ
ಹಸಿರು, ಕಪ್ಪು, ಸ್ಪಂಜಿನಿಂದ ಒತ್ತಿ ಒತ್ತಿ,
ಮನೆಯ ಸ್ವಂತ ಬೂಷ್ಟಿಗೆ ಬಣ್ಣ ಸಾಲದೆಂದು.
ಸಿಂಕಿನ ಎಂಜಲು ತಟ್ಟೆಗಳಿಗೆಲ್ಲ ನಂಬರು ಹಾಕಿದವಳು ನಾನು.
ಫೋನಿನಲ್ಲಿ ಕೇಳಿ ಅವ್ವ ಬಿದ್ದು ಬಿದ್ದು ನಕ್ಕಳು:
“ಮುಸುರಿ ಕಾಯಾಕ ಪಗಾರ ಕೊಡ್ತಾರೇನ?”
ಕೊಡ್ತಾರ, ಅವ್ವಾ. ಊಟಾನೂ.

ಇವತ್ತು ಪಾರ್ಟಿಯ ಸೀನು.
ಇಪ್ಪತ್ತೆರಡು ಎಕ್ಸ್‌ಟ್ರಾಗಳು, ಎಲ್ಲ ನಿಜವಾದ ಮೊದಲ ವರ್ಷದವರು;
ದಿನಕ್ಕಿಷ್ಟು ದುಡ್ಡು, ಬಿಸಿ ಪಾಸ್ತಾ, ಸೇಬಿನ ರಸವೇ ಬಿಯರು.
ಹಾಡು ಹಾಕುವಂತಿಲ್ಲ, ಅದು ಆಮೇಲೆ ಸೇರುತ್ತದೆ.
ಸದ್ದಿಲ್ಲದೆ ಕುಣಿಯಬೇಕು, ಬೂಟು ಕಳಚಿ, ಕಾಲುಚೀಲದಲ್ಲಿ.
ನಗಬೇಕು, ಗಂಟಲಿಲ್ಲದೆ.
ಪಕ್ಕದ ಮನೆಯ ಹುಡುಗರು ನಡುಹಗಲೇ ಡ್ರಮ್ ಬಡಿಯುತ್ತಿದ್ದರು;
ಇಪ್ಪತ್ತು ಪೌಂಡು ಕೊಟ್ಟು ನಿಲ್ಲಿಸಿ ಬಂದೆವು,
ನಮ್ಮ ಗದ್ದಲಕ್ಕೆ ಮೌನ ಬೇಕೆಂದು.

ಕಿಟಕಿಯ ಹತ್ತಿರ ಒಬ್ಬ ಸುಮ್ಮನೆ ನಿಂತಿದ್ದ.
ಫರ್ಗಸ್. ಓಬನ್ನಿನ ಕಡಲ ದಂಡೆಯವನು,
ಮಣಿಕಟ್ಟು ಮುಟ್ಟದ ಸ್ವೆಟರು.
“ಏನಂತ ಮಾತಾಡಲಿ?”
ಏನಾದರೂ, ಬರೀ ತುಟಿಯಲ್ಲಿ. ತರಕಾರಿ ಹೆಸರು ಹೇಳು.
ಕ್ಯಾರೆಟ್ ಅಂದರೆ ನಗು ಬರುತ್ತದೆ, ಬೇರೆ ಕೊಡಿ ಅಂದ.
ಹೀರೆ, ಅಂದೆ. ಸೋರೆ. ತೊಂಡೆ. ಪಡವಲ.
ಅವನು ಎದುರಿನ ಹುಡುಗಿಗೆ ದಾಟಿಸಿದ, ಅವಳು ಪಕ್ಕದವನಿಗೆ,
ಕ್ಯಾಮೆರಾ ತಿರುಗಿತು,
ಮ್ಯಾಂಚೆಸ್ಟರಿನ ಒಂದು ಅಡುಗೆಮನೆಯಲ್ಲಿ
ಮೂಕ ಸಂತೆ ನೆರೆಯಿತು:
ಹೀರೆ? ಎಂದು ಹುಬ್ಬೆತ್ತಿ ಒಬ್ಬಳು,
ಪಡವಲ, ಎಂದು ನಾಚಿ ಇನ್ನೊಬ್ಬ,
ಸೋರೆಗೆ ಯಾರೋ ಸಿಟ್ಟಾಗಿ ಬೆನ್ನು ತಿರುಗಿಸಿದ.
ನಡುವೆ ಜೆಮೈಮಾ ಎಡಗೆನ್ನೆಯಲ್ಲಿ ಅತ್ತಳು.
ಐದು ಟೇಕು. ಎಲ್ಲ ತಾಳೆಯಾಯಿತು.

ನಾಲ್ಕಕ್ಕೇ ಕತ್ತಲು. ವ್ಯಾನಿಗೆ ದೀಪ ಹೇರುವಾಗ
ಲೋಟ ಮರಳಿಸಲು ಫರ್ಗಸ್ ಬಂದ.
“ಸೆಪ್ಟೆಂಬರಿನಿಂದ ಇಷ್ಟು ಹೊತ್ತು
ಯಾರ ಜೊತೆಗೂ ಮಾತಾಡಿರಲಿಲ್ಲ.”
ತಮಾಷೆಯೋ ಎಂದು ಮುಖ ನೋಡಿದೆ.
ನನ್ನ ಹಾಳೆಯಲ್ಲಿ ಅದನ್ನು ಬರೆಯಲು ಮನೆಯಿರಲಿಲ್ಲ.
ನಾಳೆಯೂ ಇದೇ ಪಾರ್ಟಿ, ಎಂದೆ,
ಇದೇ ಸ್ವೆಟರು ಹಾಕಿಕೊಂಡು ಬಾ.
ಒಗೆಯಬೇಡ.

ತೊಂಡೆಗೆ ನಾಲಿಗೆ ಹೊರಳದ ಆ ಹುಡುಗಿ
ಬಸ್ ಸ್ಟಾಪಿನಲ್ಲಿ ಅವನ ತೋಳು ಜಗ್ಗಿ ಏನೋ ಕೇಳಿದಳು.
ಬಸ್ಸಿನ ನಂಬರೋ, ಲೈಟರೋ, ಹೆಸರೋ;
ಇಷ್ಟು ದೂರಕ್ಕೆ ತುಟಿ ಮಾತ್ರ ಕಂಡಿತು.

ಒಳಗೆ ಬಂದು ಫ್ರಿಜ್ ತೆಗೆದೆ.
ಯಾರೋ ಹಾಲು ಕುಡಿದಿದ್ದರು,
ಕತ್ತಿನಿಂದ ನಾಲ್ಕು ಬೆರಳು ಕೆಳಗೆ.
ಬೆರಳಿಟ್ಟು ನೋಡಿದೆ. ಹಾಗೇ ಬಾಗಿಲು ಮುಚ್ಚಿದೆ.