ಶಟರಿನ ಒಳಮೈ

ಅಂಗಡಿಯ ಹಣೆಗೆ ದೊಡ್ಡಕ್ಷರ ಬರೆಯುವವರು ಬೇರೆ.
ನಾವು ಕಾಲಿನ ಹತ್ತಿರ ಬರೆಯುವವರು:
ಶಟರ್ ರಿಪೇರಿ, ಕೆಳಗೊಂದು ನಂಬರು.
ಹೆಸರಿಲ್ಲ. ಶಟರು ಸಿಕ್ಕಿಕೊಂಡಾಗ
ಪೇಟೆಯಲ್ಲಿ ಯಾರೂ ಹೆಸರು ಕೇಳುವುದಿಲ್ಲ.

ಅವೆನ್ಯೂ ರಸ್ತೆಯಿಂದ ಕಿಲಾರಿ ರಸ್ತೆಗೆ, ಅಲ್ಲಿಂದ ಮಾಮೂಲ್‌ಪೇಟೆಗೆ
ಅಪ್ಪ ನಸುಕಿನಲ್ಲಿ ಸೈಕಲ್ಲು ತಳ್ಳುತ್ತ
ಬರೀ ಕಿವಿಯಿಂದಲೇ ನಡೆಯುತ್ತಿದ್ದ.
"ಹೊಳ್ಳರದು ಎದ್ದಿತು" ಅನ್ನುತ್ತಿದ್ದ. ಐದು ಗಂಟೆ.
ಟಿಫನ್ ರೂಮಿನ ಶಟರು ಒಂದೇ ಉಸಿರಿಗೆ ಮೇಲಕ್ಕೆ,
ಹಿಂದೆಯೇ ಇಡ್ಲಿಯ ಆವಿ, ಬಕೀಟಿನ ನೀರು,
ಆಮೇಲೆ ಹೊಳ್ಳರ ಬೈಗುಳ.
ಹಿತ್ತಾಳೆ ಅಂಗಡಿ ರುದ್ರಯ್ಯ ಶೆಟ್ಟರದು ಹತ್ತೂವರೆಗೆ,
ಮೂರು ಸಲ ನಿಂತು, ಮೂರು ಸಲ ಕೆಮ್ಮಿ, ಥೇಟು ಯಜಮಾನರ ಹಾಗೆ.
ಬಳೆಪೇಟೆಯ ವೀಣೆ ಅಂಗಡಿಯವರು ಮಾತ್ರ
ವಾರವಾರವೂ ಕರೆಸುವರು:
"ಷಡ್ಜಕ್ಕೆ ಹೊಂದುತ್ತಿಲ್ಲ ಕಣಯ್ಯ ಇದು."
ಷಡ್ಜ ಯಾವ ನಟ್ಟೋ ಅಪ್ಪನಿಗೆ ಗೊತ್ತಿರಲಿಲ್ಲ.
ಗ್ರೀಸು ಹಾಕುತ್ತಿದ್ದ. ಹೊಂದುತ್ತಿತ್ತು.

ಚಂದ್ರೋದಯ ಬಾರಿನದು ಪೂರ್ತಿ ಎತ್ತಿದ್ದನ್ನು ನಾನು ನೋಡಿಲ್ಲ.
ಪಕ್ಕದಲ್ಲಿ ಮಾಣಿಕ್ಯಮ್ಮನ ಹೂವಿನ ಪುಟ್ಟಿ,
ಹೊಗೆ ಬಡಿದೀತೆಂದು ಸೋಮಯ್ಯ ಪೂಜಾರಿಯವರು
ಎದೆಮಟ್ಟಕ್ಕೇ ನಿಲ್ಲಿಸುತ್ತಿದ್ದರು.
ಕುಡಿಯುವವರು ತಲೆ ತಗ್ಗಿಸಿ ಒಳಹೋಗುವರು,
ಬರುವಾಗ ಮರೆತು
ಹಣೆ ಚಚ್ಚಿಸಿಕೊಳ್ಳುವರು.
ಡ್ರೈ ಡೇ ದಿನ ಅದು ಮೊಣಕಾಲಿಗೆ ಇಳಿಯುತ್ತಿತ್ತು.

ನನಗಾಗ ಹನ್ನೊಂದು. ಅಕ್ಟೋಬರ್ ಎರಡು.
ಶಾಲೆಯಲ್ಲಿ ಕೊಟ್ಟ ಲಾಡು ಅಮ್ಮನ ಕೈಗಿಟ್ಟರೆ
"ಅಪ್ಪ ಎಲ್ಲಿ, ನೋಡಿ ಬಾ" ಅಂದಳು.
ಶಟರಿನ ಸಂದಿಯಲ್ಲಿ ಕಾಲುಗಳು:
ಹವಾಯಿ, ಟೈರಿನ ಚಪ್ಪಲಿ, ಯಾರದೋ ಪಾಲಿಶ್ ಮಾಡಿದ ಶೂ,
ಮತ್ತೆ ಉಂಗುಟಕ್ಕೆ ತಂತಿ ಸುತ್ತಿದ ಒಂದು ಜೊತೆ,
ಹಿಮ್ಮಡಿಯ ಬಿರುಕಿನಲ್ಲಿ ಕರಿ ಗ್ರೀಸು.
ನಾನು ಬಗ್ಗಲಿಲ್ಲ.
"ಪೇಟೆಯೆಲ್ಲ ಮುಚ್ಚಿದೆ" ಅಂತ ಹೇಳಿದೆ.
ಅಮ್ಮ ಲಾಡು ಮುರಿದು, ಅರ್ಧವನ್ನು
ತಟ್ಟೆಯ ಕೆಳಗೆ ಮುಚ್ಚಿಟ್ಟಳು.

ಹೋದ ತಿಂಗಳು ಪೂಜಾರಿಯವರ ಮೊಮ್ಮಗ ನಿಶ್ಮಿತ್ ಫೋನು ಮಾಡಿದ.
ಬಾರು ಬಾರಾಗಿಯೇ ಇರುತ್ತದೆ, ಹೆಸರು ಮಾತ್ರ ಇಂಗ್ಲಿಷಿಗೆ ಹೋಗುತ್ತದೆ.
ಗಾರೆ ಕೆರೆಸಿ ಇಟ್ಟಿಗೆ ತೋರಿಸಿದ್ದಾನೆ,
ಎಲ್ಲ ಹಳತಾಗಿ ಕಾಣಬೇಕಂತೆ.
ಶಟರೊಂದು ಹೊಸತು ಬೇಕು, ಮೋಟಾರಿನದು.

ಹಳೆಯದನ್ನು ಇಳಿಸಿದೆವು.
ಸ್ಪ್ರಿಂಗು ಬಿಚ್ಚುವಾಗ ಮುಖ ಪಕ್ಕಕ್ಕಿರಬೇಕು,
ಅದು ನಲವತ್ತು ವರ್ಷದ ಸಿಟ್ಟು.
ಮಗುಚಿ ಮಲಗಿಸಿದಾಗ ಒಳಮೈ ಕಂಡಿತು.
ನಿಂತವನ ಎತ್ತರಕ್ಕಲ್ಲ, ನೆಲಕ್ಕೆ ಕೂತವನ ಎತ್ತರಕ್ಕೆ,
ಹಳದಿ ಬಣ್ಣದಲ್ಲಿ ಅಪ್ಪನ ಅಕ್ಷರ:
ಒಳಗೆ ಸಿಕ್ಕಿಕೊಂಡವರು ಫೋನ್ ಮಾಡಿ.
ಐದಂಕಿಯ ನಂಬರು.
ನಮ್ಮ ಮನೆಯಲ್ಲಿ ಫೋನೇ ಇರಲಿಲ್ಲ.
ಅದು ಎದುರಿನ ಹೊಳ್ಳರದು.
ಹೊಳ್ಳರು ಗಲ್ಲಾದಿಂದ ಕೂಗಬೇಕು,
ಲೋಟ ತೊಳೆಯುವ ಹುಡುಗ ಓಡಬೇಕು,
ಅಪ್ಪ ಸೈಕಲ್ಲು ತುಳಿದು ಬಂದು ಎತ್ತಬೇಕು.

ಅಪ್ಪನೇ ಒಳಗಿದ್ದ ದಿನ?

ಗುಜರಿಯ ಸಿದ್ದಿಖ್ ಸಾಹೇಬರು ಆ ಪಟ್ಟಿ ಬೇಕಾ ಅಂದರು.
ಬೇಡ ಅಂದೆ.
ಮಧ್ಯಾಹ್ನ ಹೋಗಿ ತೂಕಕ್ಕೆ ಕೊಂಡು ತಂದೆ,
ಎರಡು ಕಿಲೋ ಮುನ್ನೂರು ಗ್ರಾಮು.
ಚಿಲ್ಲರೆಗಾಗಿ ಸ್ವಲ್ಪ ಜಗಳವೂ ಆಯಿತು.

ಸಂಜೆ ನಿಶ್ಮಿತ್ ರಿಮೋಟು ತಿರುಗಿಸಿ ನೋಡುತ್ತ
"ಮೇಲಿನದು ಸರಿ, ಕೆಳಗಿನದು ಸರಿ, ನಡುವಿನ ಗುಂಡಿ ಯಾಕೆ?" ಅಂದ.
ಒತ್ತಿ ತೋರಿಸಿದೆ.
ಹೊಸ ಶಟರು ಕೆಮ್ಮದೆ, ಹಾಡದೆ,
ಇಳಿದು ಮೊಣಕಾಲ ಹತ್ತಿರ ನಿಂತಿತು.
ಆಚೆ ಬೀದಿಯಲ್ಲಿ ಸಾಮಾನು ಕಟ್ಟುತ್ತಿದ್ದ ನನ್ನ ಮಗನಿಗೆ
ಈಗ ನನ್ನ ಚಪ್ಪಲಿಯಷ್ಟೇ ಕಾಣುತ್ತಿರಬೇಕು.

ಅವನು ಬಗ್ಗಿದ.
ತಲೆಕೆಳಗಾದ ಮುಖ, ಹಲ್ಲಿನಲ್ಲಿ ಹಗ್ಗದ ತುದಿ.
"ಟೀ ಹೇಳಲಾ?" ಅಂದ.